ಆರು ಬಸ್ಸಿನಿಂದ ಎಪ್ಪತ್ತಾರು: ಕೊಪ್ಪದ ಸಹಕಾರ ಸಾರಿಗೆ ಬೆಳೆದ ಮತ್ತು ಬಿದ್ದ ಕಥೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿಯಲ್ಲಿ ಠರಾವು ಆಯಿತು. ಸಂಘ ಹುಟ್ಟಿದ ಬಗೆ, ಹಿರಿಯರು ಪಟ್ಟ ಕಷ್ಟ, ಗೋದಾಮು ಕಟ್ಟಿದ್ದು, ಗೊಬ್ಬರ ತರಿಸಿದ್ದು ಇವೆಲ್ಲವನ್ನು ಬರೆಯಲು ನನಗಿಂತ ತಿಳಿದವರು ಇದ್ದಾರೆ, ಅವರು ಬರೆದಿದ್ದಾರೆ. ನಾನು ಬೇರೆ ಊರಿನ ಒಂದು ಸಹಕಾರಿ ಸಂಘದ ಇತಿಹಾಸ ಬರೆಯುತ್ತೇನೆಂದು ಕೇಳಿಕೊಂಡೆ. ಅದು ಪತ್ತಿನ ಸಂಘವಲ್ಲ, ಹಾಲಿನ ಸಂಘವಲ್ಲ. ಅದು ಬಸ್ಸು ಓಡಿಸಿದ ಸಂಘ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ‘ಸಹಕಾರ ಸಾರಿಗೆ’.

ಹಬ್ಬದ ದಿನ ಸತ್ತವರ ಮಾತು ಯಾಕ ತೆಗೀತಿ ಅಂತ ಒಬ್ಬ ಹಿರಿಯ ನಿರ್ದೇಶಕರು ಕೇಳಿದರು. ಕಾರಣ ಐತಿ. ಆ ಸಂಘ ಶುರುವಾದದ್ದು 1991ರಲ್ಲಿ. ಅದಕ್ಕೂ 2016ರಲ್ಲಿ ಇಪ್ಪತ್ತೈದು ವರ್ಷ ತುಂಬಿತು. ಮುಂದೆ ನಾಲ್ಕೇ ವರ್ಷಕ್ಕೆ, 2020ರ ಫೆಬ್ರುವರಿಯಲ್ಲಿ, ಅದರ ಬಸ್ಸುಗಳು ನಿಂತುಹೋದವು. ಇಪ್ಪತ್ತೈದು ವರ್ಷ ಬಾಳಿದ ಸಂಘ ಐವತ್ತು ವರ್ಷ ಬಾಳೇ ಬಾಳುತ್ತದೆ ಅಂತ ಯಾರೂ ಬರೆದು ಕೊಟ್ಟಿಲ್ಲ. ಅದಕ್ಕೇ ಈ ಸಂಚಿಕೆಯಲ್ಲಿ ಈ ಕಥೆ ಇರಲಿ ಅನ್ನಿಸಿತು.

ಬಸ್ಸು ಯಾರದು?

ಮೊದಲಿಗೆ ನಮ್ಮ ರಾಜ್ಯದಲ್ಲಿ ಬಸ್ಸಿನ ಕಥೆ ಹೇಗೆ ನಡೆದು ಬಂತು ಎಂಬುದನ್ನು ಸ್ವಲ್ಪ ನೋಡೋಣ. ಇಲ್ಲದಿದ್ದರೆ ಕೊಪ್ಪದ ಮಂದಿ ಮಾಡಿದ ಕೆಲಸದ ತೂಕ ನಮಗೆ ತಿಳಿಯುವುದಿಲ್ಲ.

ಸ್ವಾತಂತ್ರ್ಯದ ಮೊದಲು ಬಸ್ಸು ಅಂದರೆ ಹೆಚ್ಚಾಗಿ ಖಾಸಗಿ ಮಾಲೀಕರದು. ಬೆಂಗಳೂರು ನಗರದಲ್ಲಿ ಸಹ ಹಾಗೆಯೇ. ಅಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಕಂಪನಿ ಹುಟ್ಟಿ ನಗರದೊಳಗೆ ಬಸ್ಸು ಓಡಿಸಿತು. ನಗರ ಬೆಳೆದಂತೆ ಆ ಕಂಪನಿಯೂ ಬೆಳೆಯಿತು. ಆದರೆ 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಅದೇ ಮುಂದೆ ಬಿ.ಟಿ.ಎಸ್. ಆಯಿತು, 1997ರಲ್ಲಿ ಬಿ.ಎಂ.ಟಿ.ಸಿ. ಆಯಿತು. ಅಂದರೆ ರಾಜಧಾನಿಯ ಮೊದಲ ನಗರ ಬಸ್ ಕಂಪನಿಯ ಆಯುಷ್ಯ ಹದಿನಾರೇ ವರ್ಷ.

ಹಳೆಯ ಮೈಸೂರು ಸೀಮೆಯಲ್ಲಿ 1948ರ ಸೆಪ್ಟೆಂಬರ್ 12ರಂದು ಸರ್ಕಾರವೇ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರು ಮಾಡಿತು. ಆ ಇಲಾಖೆ 1961ರ ಆಗಸ್ಟ್ 1ರಂದು ನಿಗಮವಾಯಿತು. ನಮ್ಮ ಚಿಕ್ಕೋಡಿ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಸರ್ಕಾರದ ಎಸ್.ಟಿ. ಬಸ್ಸು ಹೊರಟದ್ದು 1948ರ ಜೂನ್ 1ರಂದು, ಪುಣೆಯಿಂದ ಅಹಮದನಗರಕ್ಕೆ. ಅದಕ್ಕೇ ಇಂದಿಗೂ ನಮ್ಮ ಕಡೆಯ ಹಿರಿಯರು ಬಸ್ಸಿಗೆ ‘ಎಸ್ಟಿ’ ಅನ್ನುತ್ತಾರೆ. 1956ರ ನವೆಂಬರ್ 1ರಂದು ರಾಜ್ಯ ಒಂದಾದ ಮೇಲೆ ನಾವು ಮೈಸೂರು ರಾಜ್ಯದ ಬಸ್ಸಿಗೆ ಬಂದೆವು. 1997ರ ನವೆಂಬರ್‌ನಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ ನಮ್ಮದು. ಚಿಕ್ಕೋಡಿಯಲ್ಲಿ ಅದರ ವಿಭಾಗವೇ ಇದೆ.

ಹೀಗಾಗಿ ನಮಗೆ ಬಸ್ಸು ಅಂದರೆ ಸರ್ಕಾರದ್ದು. ಗಾಡಿ ತಪ್ಪಿದರೆ ಡಿಪೋಕ್ಕೆ ಅರ್ಜಿ, ಹೆಚ್ಚೆಂದರೆ ಶಾಸಕರಿಗೆ ಮನವಿ. ಆದರೆ ಮಲೆನಾಡು ಮತ್ತು ಕರಾವಳಿಯಲ್ಲಿ ಹಾಗಲ್ಲ. ಅಲ್ಲಿ ಬಹಳ ಕಾಲದವರೆಗೆ ಖಾಸಗಿ ಬಸ್ಸೇ ಆಧಾರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಬಾಳೆಹೊನ್ನೂರು ಈ ಭಾಗದಲ್ಲಿ ಊರು ಅಂದರೆ ನಮ್ಮ ಯಡೂರಿನಂತೆ ಮನೆಗೆ ಮನೆ ಹತ್ತಿದ ಊರಲ್ಲ. ಒಂದು ಗುಡ್ಡಕ್ಕೆ ಎರಡು ಮನೆ, ಒಂದು ಅಡಿಕೆ ತೋಟಕ್ಕೆ ಒಂದು ಮನೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮಳೆ. ಅಲ್ಲಿ ಬಸ್ಸು ಬರದಿದ್ದರೆ ಹುಡುಗರು ಶಾಲೆಗೆ ಹೋಗುವುದಿಲ್ಲ, ತೋಟದ ಆಳು ಸಂತೆಗೆ ಹೋಗುವುದಿಲ್ಲ, ರೋಗಿ ದವಾಖಾನೆಗೆ ಹೋಗುವುದಿಲ್ಲ. ನಮಗೆ ಇದು ಅರ್ಥವಾಗದ ಮಾತಲ್ಲ. ಕೃಷ್ಣೆಗೆ ಮಹಾಪೂರ ಬಂದು ಕಲ್ಲೋಳ-ಯಡೂರು ಬಾಂದಾರದ ಮೇಲೆ ನೀರು ಹೊಕ್ಕಾಗ, ಎದುರಿನ ದಂಡೆ ಕಣ್ಣಿಗೆ ಕಾಣುತ್ತಿದ್ದರೂ ಸುತ್ತುಹಾಕಿ ಹೋಗಬೇಕಾದ ಪಾಡು ನಮಗೆ ಗೊತ್ತು. ಅವರಿಗೆ ಬಸ್ಸು ಇಲ್ಲದ ದಿನ ಅಂದರೆ ನಮಗೆ ಬಾಂದಾರ ಮುಳುಗಿದ ದಿನ ಇದ್ದಂತೆ.

ಮುಷ್ಕರದಿಂದ ಹುಟ್ಟಿದ ಸಂಘ

ಆ ಭಾಗದಲ್ಲಿ ಹಲವು ವರ್ಷ ಬಸ್ಸು ಓಡಿಸಿದ್ದು ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ. ಅದರ ಕೆಲಸಗಾರರಿಗೂ ಕಂಪನಿಗೂ ತಕರಾರು ಬಂತು, ಮುಷ್ಕರ ನಡೆಯಿತು, ಕಡೆಗೆ ಕಂಪನಿ ಮುಚ್ಚಿತು. ನೂರಕ್ಕೂ ಹೆಚ್ಚು ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಬೀದಿಗೆ ಬಿದ್ದರು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಕೋರ್ಟಿನಲ್ಲಿ ಕೇಸು ಹತ್ತು ವರ್ಷ ನಡೆಯುತ್ತದೆ, ಬಂದ ಪರಿಹಾರದ ರೊಕ್ಕ ಕೈಗೆ ಸಿಕ್ಕವರು ಸಾಲ ತೀರಿಸುತ್ತಾರೆ, ಉಳಿದವರು ಬೇರೆ ಮಾಲೀಕನ ಕಡೆ ಹೋಗುತ್ತಾರೆ. ಕೊಪ್ಪದ ಕೆಲಸಗಾರರು ಹಾಗೆ ಮಾಡಲಿಲ್ಲ. ಕಾರ್ಮಿಕ ಸಂಘಟನೆಯ ಮುಖಂಡರ ಮಾರ್ಗದರ್ಶನದಲ್ಲಿ ಕೂಡಿ ಕುಳಿತು ವಿಚಾರ ಮಾಡಿದರು. ಬಸ್ಸು ಓಡಿಸುವುದು ನಮಗೆ ಗೊತ್ತು, ರಿಪೇರಿ ನಮಗೆ ಗೊತ್ತು, ಯಾವ ಊರಿನಿಂದ ಎಷ್ಟು ಗಂಟೆಗೆ ಎಷ್ಟು ಮಂದಿ ಹತ್ತುತ್ತಾರೆ ಎಂಬುದೂ ನಮಗೆ ಗೊತ್ತು. ಗೊತ್ತಿಲ್ಲದ್ದು ಮಾಲೀಕತನ ಒಂದೇ. ಅದನ್ನೂ ಕಲಿಯೋಣ ಅಂತ ಗಟ್ಟಿ ಮಾಡಿದರು. ತಮಗೆ ಬರಬೇಕಾದ ಪರಿಹಾರವನ್ನೇ ಬಂಡವಾಳ ಮಾಡಿ ಸಹಕಾರ ಕಾಯ್ದೆಯ ಪ್ರಕಾರ ಸಂಘ ಕಟ್ಟಿದರು. 1991ರಲ್ಲಿ ಆರು ಬಸ್ಸುಗಳೊಂದಿಗೆ ಸಹಕಾರ ಸಾರಿಗೆ ರಸ್ತೆಗೆ ಇಳಿಯಿತು.

ಸದಸ್ಯ ಬಾಂಧವರು ಇಲ್ಲಿ ಒಂದು ಮಾತು ಗಮನಿಸಬೇಕು. ನಮ್ಮ ದೇಶದಲ್ಲಿ ಸಹಕಾರ ಶುರುವಾದದ್ದು ರೈತನ ಸಾಲದಿಂದ. 1904ರಲ್ಲಿ ಕಾಯ್ದೆ ಬಂತು, 1905ರಲ್ಲಿ ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ರೈತ ಸದಸ್ಯ, ರೈತನಿಗೆ ಸಾಲ. ಹಾಲಿನ ಸಂಘದಲ್ಲಿ ಹಾಲು ಹಾಕುವವ ಸದಸ್ಯ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಕಳಿಸುವವ ಸದಸ್ಯ. ಆದರೆ ಕೊಪ್ಪದಲ್ಲಿ ದುಡಿಯುವವನೇ ಸದಸ್ಯ, ಸದಸ್ಯನೇ ಮಾಲೀಕ. ಟಿಕೀಟು ಹರಿಯುವ ಕಂಡಕ್ಟರನೇ ವಾರ್ಷಿಕ ಸಭೆಯಲ್ಲಿ ಕುಳಿತು ಲೆಕ್ಕಪತ್ರಕ್ಕೆ ಕೈ ಎತ್ತುವವ. ಸ್ಟೇರಿಂಗ್ ಹಿಡಿದವನೇ ನಿರ್ದೇಶಕರನ್ನು ಆರಿಸುವವ. ಇಂಥ ಸಹಕಾರ ಸಂಘಗಳು ಬಹಳ ಕಡಿಮೆ. ಬಸ್ಸಿನ ಧಂದೆಯಲ್ಲಂತೂ ಬೆರಳಲ್ಲಿ ಎಣಿಸುವಷ್ಟು.

ಬೆಳೆದದ್ದು ಹೇಗೆ?

ಆರು ಇದ್ದ ಬಸ್ಸು ಮುಂದೆ ಎಪ್ಪತ್ತಾರರವರೆಗೆ ಹೋದವು. ನೂರಾರು ಕುಟುಂಬಗಳಿಗೆ ಅದೇ ಅನ್ನ ಆಯಿತು. ಕೊಪ್ಪದ ಸುತ್ತಮುತ್ತಲಿನ ಹಳ್ಳಿಗಳಿಗಷ್ಟೇ ಅಲ್ಲ, ಚಿಕ್ಕಮಗಳೂರು, ಶಿವಮೊಗ್ಗದಂಥ ಜಿಲ್ಲಾ ಕೇಂದ್ರಗಳಿಗೂ ಅದರ ಬಸ್ಸು ಓಡಿದವು. ದೇಶದ ಬೇರೆ ಕಡೆಯಿಂದ ಈ ಸಂಘ ನೋಡಲು ಮಂದಿ ಬಂದರು, ಪತ್ರಿಕೆಗಳಲ್ಲಿ ಲೇಖನ ಬಂದವು.

ಕೆಲವು ವರ್ಷಗಳ ಕೆಳಗೆ ನಮ್ಮ ಓಣಿಯವರು ಕೂಡಿ ಧರ್ಮಸ್ಥಳ, ಹೊರನಾಡು, ಶೃಂಗೇರಿ ಯಾತ್ರೆಗೆ ಹೋಗಿದ್ದೆವು. ಶೃಂಗೇರಿಯಲ್ಲಿ ಬಸ್ಸಿನ ಮೇಲೆ ‘ಸಹಕಾರ ಸಾರಿಗೆ’ ಅಂತ ಬರೆದದ್ದು ನೋಡಿ ನಾನು ಸರ್ಕಾರದ್ದೇ ಇನ್ನೊಂದು ಹೆಸರು ಇರಬೇಕು ಅಂದುಕೊಂಡೆ. ಚಹಾದ ಅಂಗಡಿಯಲ್ಲಿ ವಿಚಾರಿಸಿದಾಗ, ಅಲ್ರೀ, ಇದು ಡ್ರೈವರ್-ಕಂಡಕ್ಟರ್‌ಗಳದೇ ಬಸ್ಸು ಅಂತ ತಿಳಿಯಿತು. ಆಗಿನಿಂದ ಈ ಸಂಘದ ಸುದ್ದಿ ಎಲ್ಲಿ ಬಂದರೂ ಓದುತ್ತ ಬಂದೆ.

ಅದು ಬೆಳೆದದ್ದಕ್ಕೆ ನನಗೆ ಮೂರು ಕಾರಣ ಕಾಣುತ್ತವೆ.

ಮೊದಲನೆಯದು, ಗಾಡಿ ನಮ್ಮದು ಎಂಬ ಕಾಳಜಿ. ನಾವು ರೈತರು, ನಮಗೆ ಇದು ಬೇಗ ತಿಳಿಯುತ್ತದೆ. ಸ್ವಂತ ಎತ್ತಿಗೆ ಹಾಕುವ ಮೇವಿಗೂ ಬಾಡಿಗೆ ಎತ್ತಿಗೆ ಹಾಕುವ ಮೇವಿಗೂ ಫರಕು ಇರುತ್ತದೆ. ಬಸ್ಸಿನ ಧಂದೆಯಲ್ಲಿ ಡಿಸೇಲು, ಟಾಯರು, ಬ್ರೇಕು, ಟಿಕೀಟಿನ ರೊಕ್ಕ ಎಲ್ಲವೂ ಡ್ರೈವರ್-ಕಂಡಕ್ಟರರ ಕೈಯಲ್ಲೇ ಇರುತ್ತವೆ. ಅವರ ಮೇಲೆ ಕಾವಲು ಇಡಲು ಮಾಲೀಕ ಎಷ್ಟು ಖರ್ಚು ಮಾಡಿದರೂ ಸಾಲದು. ಅವರೇ ಮಾಲೀಕರಾದರೆ ಆ ಕಾವಲಿನ ಖರ್ಚೇ ಉಳಿಯುತ್ತದೆ.

ಎರಡನೆಯದು, ಮಂದಿಯ ಜೊತೆ ನಂಟು. ಆ ಡ್ರೈವರ್-ಕಂಡಕ್ಟರರು ಅದೇ ಊರುಗಳವರು. ಯಾವ ಮನೆಯ ಹುಡುಗಿ ಯಾವ ಕಾಲೇಜಿಗೆ ಹೋಗುತ್ತಾಳೆ, ಯಾವ ಮುದುಕಿ ಯಾವ ಸ್ಟಾಪಿನಲ್ಲಿ ಇಳಿಯುತ್ತಾಳೆ ಅಂತ ಗೊತ್ತಿದ್ದವರು. ವಿದ್ಯಾರ್ಥಿಗಳಿಗೆ ಸಂಘ ರಿಯಾಯಿತಿ ಕೊಟ್ಟಿತು. ಲಾಭದ ದಾರಿಯನ್ನಷ್ಟೇ ಹಿಡಿಯದೆ ಒಳಗಿನ ಹಳ್ಳಿಗಳಿಗೂ ಹೋಯಿತು.

ಮೂರನೆಯದು, ಬಂದ ಲಾಭ ಊರಲ್ಲೇ ಉಳಿಯಿತು. ಎಲ್ಲಿಯೋ ಕುಳಿತ ಮಾಲೀಕನಿಗೆ ಹೋಗುವ ರೊಕ್ಕ ಇಲ್ಲಿ ಹೊಸ ಬಸ್ಸಾಯಿತು, ಕೆಲಸಗಾರರ ಸಂಬಳ-ಬೋನಸ್ಸಾಯಿತು.

ಬಸ್ಸಿನ ಒಂದು ರೂಪಾಯಿ ಎಲ್ಲಿ ಹೋಗುತ್ತದೆ?

ಇಷ್ಟು ಚೆನ್ನಾಗಿದ್ದ ಸಂಘ ಬಿದ್ದದ್ದು ಯಾಕೆ? ಯಾರೋ ರೊಕ್ಕ ತಿಂದರು, ಅದಕ್ಕೇ ಮುಳುಗಿತು ಅನ್ನುವುದು ನಮ್ಮ ಕಟ್ಟೆಯ ಮೇಲೆ ಬಹಳ ಸಲೀಸಾದ ಮಾತು. ಸಹಕಾರಿ ಸಂಘ ಮುಚ್ಚಿತು ಅಂದ ಕೂಡಲೇ ಹಿಂದು ಮುಂದು ನೋಡದೆ ಈ ಮಾತು ಆಡುತ್ತೇವೆ. ಆದರೆ ಬಸ್ಸಿನ ಲೆಕ್ಕ ಬಿಡಿಸಿ ನೋಡಿದರೆ, ಒಬ್ಬರೂ ಒಂದು ಪೈಸೆ ಮುಟ್ಟದಿದ್ದರೂ ಸಂಘ ಮುಳುಗಬಹುದು ಎಂಬುದು ತಿಳಿಯುತ್ತದೆ.

ಬಸ್ಸಿನ ಟಿಕೀಟಿನ ದರವನ್ನು ಬಸ್ಸಿನ ಮಾಲೀಕ ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ದರ ಗೊತ್ತು ಮಾಡುವ ಅಧಿಕಾರ ಸರ್ಕಾರದ್ದು. ಯಾವ ದಾರಿಯಲ್ಲಿ ಓಡಬೇಕು, ಎಷ್ಟು ಗಂಟೆಗೆ ಬಿಡಬೇಕು ಎಂಬುದಕ್ಕೂ ಪರ್ಮಿಟ್ಟು ಬೇಕು. ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ರಸ್ತೆ ತೆರಿಗೆ ಕಟ್ಟಬೇಕು, ಬಸ್ಸು ತುಂಬಿ ಓಡಲಿ, ಖಾಲಿ ಓಡಲಿ. ವಿಮೆಯ ಕಂತು ವರ್ಷ ವರ್ಷ ಏರುತ್ತ ಬಂದದ್ದು ನಮ್ಮ ಟ್ರ್ಯಾಕ್ಟರ್ ಮಾಲೀಕರಿಗೂ ಗೊತ್ತು. ಟಾಯರು, ಬಿಡಿಭಾಗ, ಆಯಿಲ್ ಇವುಗಳ ದರ ಅಂಗಡಿಯವ ಹೇಳಿದ್ದು. ಡಿಸೇಲಿನ ದರ ಕಂಪನಿ ಹೇಳಿದ್ದು. ಬರುವ ರೂಪಾಯಿಯ ದರ ಸರ್ಕಾರದ ಕೈಯಲ್ಲಿ, ಹೋಗುವ ರೂಪಾಯಿಯ ದರ ಪೇಟೆಯ ಕೈಯಲ್ಲಿ. ನಡುವೆ ಸಂಘ.

ಇದು ನಮಗೆ ಹೊಸ ಮಾತಲ್ಲ. ಕಬ್ಬಿಗೆ ಎಫ್.ಆರ್.ಪಿ. ದರ ದಿಲ್ಲಿಯಲ್ಲಿ ಗೊತ್ತಾಗುತ್ತದೆ. ಗೊಬ್ಬರ, ಕಟಾವಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಊರಲ್ಲಿ ಏರುತ್ತವೆ. ನಡುವೆ ರೈತ. ಅದಕ್ಕೇ ಕೊಪ್ಪದವರ ಕಷ್ಟ ನಮ್ಮ ಕಷ್ಟದ ಅಣ್ಣತಮ್ಮ ಇದ್ದಂತೆ.

ಡಿಸೇಲಿನ ಮಾತನ್ನು ಬಿಡಿಸಿ ಹೇಳಬೇಕು. ಹಿಂದೆ ಡಿಸೇಲಿನ ದರ ಕೇಂದ್ರ ಸರ್ಕಾರ ಹಿಡಿದಿಟ್ಟುಕೊಂಡಿತ್ತು. 2013ರ ಜನವರಿಯಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪ ಏರಿಸುತ್ತ ಬಂದರು. 2014ರ ಅಕ್ಟೋಬರಿನಲ್ಲಿ ಪೂರ್ತಿ ಪೇಟೆಗೆ ಬಿಟ್ಟರು. 2017ರ ಜೂನ್‌ನಿಂದ ದಿನಕ್ಕೊಂದು ದರ ಶುರುವಾಯಿತು. ದರ ಏರಿದಾಗ ಬಸ್ಸಿಗೆ ಏನಾಗುತ್ತದೆ? ಲೆಕ್ಕಕ್ಕೆಂದು ಹಿಡಿಯೋಣ. ಒಂದು ಬಸ್ಸು ಘಟ್ಟದ ದಾರಿಯಲ್ಲಿ ದಿನಕ್ಕೆ 180 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 4 ಕಿಲೋಮೀಟರ್ ಕೊಡುತ್ತದೆ ಅಂದರೆ ದಿನಕ್ಕೆ 45 ಲೀಟರ್ ಬೇಕು. ಲೀಟರಿಗೆ ಒಂದೇ ರೂಪಾಯಿ ಏರಿದರೆ ಒಂದು ಬಸ್ಸಿಗೆ ದಿನಕ್ಕೆ 45 ರೂಪಾಯಿ. ದೊಡ್ಡದೇನಲ್ಲ ಅನ್ನಬಹುದು. ಎಪ್ಪತ್ತಾರು ಬಸ್ಸಿಗೆ ದಿನಕ್ಕೆ 3,420 ರೂಪಾಯಿ. ವರ್ಷಕ್ಕೆ ಹನ್ನೆರಡು ಲಕ್ಷದ ಮೇಲೆ. ಒಂದೇ ಒಂದು ರೂಪಾಯಿಗೆ ಇಷ್ಟು. ಹತ್ತು ರೂಪಾಯಿ ಏರಿದರೆ ಏನಾದೀತು ಎಂಬುದನ್ನು ಓದುಗರೇ ಗುಣಿಸಿಕೊಳ್ಳಬೇಕು. ಡಿಸೇಲು ದಿನಾ ಏರಬಹುದು, ಟಿಕೀಟು ದಿನಾ ಏರಲಾರದು.

ಸರ್ಕಾರಿ ನಿಗಮಗಳಿಗೂ ಇದೇ ಪೆಟ್ಟು ಬಿದ್ದಿದೆ. ಅವೂ ನಷ್ಟದಲ್ಲಿ ಓಡಿವೆ. ಆದರೆ ಅವುಗಳ ಹಿಂದೆ ಸರ್ಕಾರ ಇದೆ. ವಿದ್ಯಾರ್ಥಿ ಪಾಸಿನ ರಿಯಾಯಿತಿಗೆ ನಿಗಮಕ್ಕೆ ಸರ್ಕಾರದ ಅನುದಾನ ಬರುತ್ತದೆ. ಕೊಪ್ಪದ ಸಂಘ ಕೊಟ್ಟ ರಿಯಾಯಿತಿ ಅದರ ಜೇಬಿನಿಂದಲೇ ಹೋಯಿತು. ಒಳ್ಳೆಯ ಕೆಲಸ ಮಾಡಿದರೂ ಅದರ ಖರ್ಚು ಯಾರಾದರೂ ಹೊರಲೇಬೇಕು, ಅಲ್ಲಿ ಹೊತ್ತದ್ದು ಸಂಘ.

ಪ್ರಯಾಣಿಕರು ಇಳಿದುಹೋದರು

ಇನ್ನೊಂದು ಕಾರಣ ಸದ್ದಿಲ್ಲದೆ ಬಂತು. 1991ರಲ್ಲಿ ಹಳ್ಳಿಯಲ್ಲಿ ಮೋಟಾರ್ ಸೈಕಲ್ ಅಂದರೆ ಒಬ್ಬಿಬ್ಬರ ಮನೆಯಲ್ಲಿ. ಈಗ ಯಾರ ಮನೆಯ ಮುಂದೆ ನೋಡಿದರೂ ಒಂದು ಗಾಡಿ. ನಮ್ಮ ಯಡೂರಿನಲ್ಲಿ ವೀರಭದ್ರ ದೇವರ ದರ್ಶನಕ್ಕೆ ಬರುವ ಭಕ್ತರನ್ನೇ ನೋಡಿರಿ. ಮೊದಲು ಬಸ್ಸು ತುಂಬಿ ಬರುತ್ತಿದ್ದರು, ಈಗ ಮೋಟಾರ್ ಸೈಕಲ್, ಕ್ರೂಸರ್, ಕಾರು ಹೆಚ್ಚು. ದುಡಿಯುವ ವಯಸ್ಸಿನ ಗಂಡಸರು ಬಸ್ಸಿನಿಂದ ಮೊದಲು ಇಳಿದರು. ಪೂರ್ತಿ ಟಿಕೀಟು ಕೊಡುವವರು ಅವರೇ. ಉಳಿದವರು ವಿದ್ಯಾರ್ಥಿಗಳು, ಮುದುಕರು, ಹೆಣ್ಣುಮಕ್ಕಳು, ಕೂಲಿಯವರು. ಬಸ್ಸು ಅಗತ್ಯ ಇರುವವರು ಉಳಿದರು, ಬಸ್ಸನ್ನು ಬದುಕಿಸುವಷ್ಟು ರೊಕ್ಕ ಕೊಡುವವರು ಹೋದರು.

ಇದರಲ್ಲಿ ಯಾರದೂ ತಪ್ಪಿಲ್ಲ. ಮಂದಿಗೆ ಕೈಯಲ್ಲಿ ನಾಲ್ಕು ಕಾಸು ಬಂದರೆ ಗಾಡಿ ಕೊಳ್ಳುತ್ತಾರೆ, ಕೊಳ್ಳಲಿ. ಆದರೆ ಬೆಳಿಗ್ಗೆ ಏಳರ ಬಸ್ಸು ನಾನು ಹತ್ತದಿದ್ದರೂ ಓಡುತ್ತಿರಲಿ ಅಂತ ಎಲ್ಲರೂ ಅಂದುಕೊಂಡರೆ ಆ ಬಸ್ಸು ಓಡುವುದು ಯಾರ ರೊಕ್ಕದ ಮೇಲೆ? ಕೊಪ್ಪದ ಸುತ್ತಿನ ಮಂದಿಗೆ ಆ ಬಸ್ಸಿನ ಮೇಲೆ ಪ್ರೀತಿ ಇತ್ತು. ಆದರೆ ಷೇರು ಇದ್ದದ್ದು ಕೆಲಸಗಾರರದು. ಪ್ರಯಾಣಿಕರು ಮಾಲೀಕರಾಗಿರಲಿಲ್ಲ, ಗಿರಾಕಿಗಳಾಗಿದ್ದರು. ಗಿರಾಕಿ ಬೇರೆ ಅಂಗಡಿಗೆ ಹೋಗಬಹುದು. ಅವನನ್ನು ವಾರ್ಷಿಕ ಸಭೆಗೆ ಕರೆದು ಕೇಳುವಂತಿಲ್ಲ.

ನಿಂತ ಚಕ್ರ

ಖರ್ಚು ಏರಿ, ಕಲೆಕ್ಷನ್ ಇಳಿದು, ಹಳೆಯ ಬಸ್ಸುಗಳ ರಿಪೇರಿ ಹೆಚ್ಚಾಗಿ, ಸಂಬಳ ಕೊಡುವುದೂ ಕಷ್ಟವಾಯಿತು. ಸರ್ಕಾರ ಕೈ ಹಿಡಿಯಬೇಕು ಅಂತ ಸಂಘದವರು ಕೇಳಿಕೊಂಡರು. ಅದು ದಡ ಮುಟ್ಟಲಿಲ್ಲ. 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಮುಂದಿನ ತಿಂಗಳೇ ಕೊರೋನಾ ಲಾಕ್‌ಡೌನ್ ಬಂತು. ದೇಶದಲ್ಲಿ ಎಲ್ಲ ಬಸ್ಸುಗಳೂ ನಿಂತ ಮೇಲೆ, ಮೊದಲೇ ನಿಂತ ಬಸ್ಸಿನ ಮಾತು ಕೇಳುವವರು ಯಾರು?

ಎಷ್ಟೋ ಹಳ್ಳಿಗಳಲ್ಲಿ ಹುಡುಗರು ಶಾಲೆ-ಕಾಲೇಜಿಗೆ ಹೋಗಲು ಪರದಾಡಿದರು. ತೋಟದ ಕೂಲಿಯವರು ಪಿಕಪ್ಪು, ಜೀಪು ಹಿಡಿದರು. ಕೆಲಸಗಾರರ ಪಾಡು ಇನ್ನೂ ಕಷ್ಟ. ಬೇರೆ ಕಂಪನಿ ಮುಚ್ಚಿದರೆ ಕೆಲಸಗಾರನ ಕೆಲಸ ಹೋಗುತ್ತದೆ. ಇಲ್ಲಿ ಕೆಲಸವೂ ಹೋಯಿತು, ಮಾಲೀಕತನವೂ ಹೋಯಿತು. ಮೊದಲ ಸಲ ಅವರಿಗೆ ಮುಷ್ಕರ ಮಾಡಲು ಎದುರಿಗೆ ಒಬ್ಬ ಮಾಲೀಕ ಇದ್ದ. ಎರಡನೇ ಸಲ ಯಾರ ವಿರುದ್ಧ ಕೂಗಬೇಕು?

ಇನ್ನೂ ಮೂರು ವರ್ಷ ಹೇಗೋ ದೂಡಿದ್ದರೆ ಉಳಿಯುತ್ತಿತ್ತೇ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟು ಇಲ್ಲದಾಯಿತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅದರಿಂದ ಅನುಕೂಲ ಆಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ದಾರಿಯಲ್ಲಿ ಟಿಕೀಟು ಹರಿದು ಬದುಕುವ ಖಾಸಗಿ ಬಸ್ಸಿಗೆ ಅದು ದೊಡ್ಡ ಪೆಟ್ಟು. ಸಹಕಾರ ಸಾರಿಗೆ ಬದುಕಿದ್ದರೂ ಆ ಪರೀಕ್ಷೆ ದಾಟುವುದು ಸುಲಭ ಇರಲಿಲ್ಲ.

ಬದುಕಿದ ಸಂಘಗಳೂ ಇವೆ

ಕೆಲಸಗಾರರು ಮಾಲೀಕರಾದರೆ ಸಂಘ ಬಾಳುವುದಿಲ್ಲ ಅಂತ ಯಾರೂ ತಿಳಿಯಬಾರದು. ಕಾಫಿ ಬೋರ್ಡಿನವರು ತಮ್ಮ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಿದರು. ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಇಂದಿಗೂ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಇಂಡಿಯನ್ ಕಾಫಿ ಹೌಸ್ ಇದೆ, ಕೇರಳದಲ್ಲಿ ಹಲವಾರು ಇವೆ. ಅರವತ್ತು ವರ್ಷದ ಮೇಲಾಯಿತು.

ಕೇರಳದ ಕಣ್ಣೂರಿನಲ್ಲಿ 1969ರಲ್ಲಿ ಬೀಡಿ ಕಂಪನಿಗಳು ಬಾಗಿಲು ಹಾಕಿದಾಗ ಬೀಡಿ ಕಟ್ಟುವವರು ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿದರು. ನಿಪ್ಪಾಣಿಯ ತಂಬಾಕು ಬೆಳೆದ ನಮ್ಮ ಭಾಗಕ್ಕೆ ಬೀಡಿಯ ಧಂದೆ ಗೊತ್ತಿದ್ದದ್ದೇ. ಮುಂದೆ ಬೀಡಿ ಸೇದುವವರು ಕಡಿಮೆಯಾದರು. ಆಗ ಅವರು ಬೀಡಿಯನ್ನೇ ಹಿಡಿದು ಕೂಡ್ರಲಿಲ್ಲ. ಆಹಾರ ಪದಾರ್ಥ, ಛತ್ರಿ, ಬಟ್ಟೆ ಇಂಥ ಕೆಲಸಗಳಿಗೂ ಕೈ ಹಾಕಿದರು. ಮೊದಲಿನ ಅಬ್ಬರ ಇಲ್ಲದಿದ್ದರೂ ಸಂಘ ಉಳಿಯಿತು.

ಈ ಎರಡಕ್ಕೂ ಕೊಪ್ಪದ ಸಂಘಕ್ಕೂ ಇರುವ ಫರಕು ಏನು? ಕಾಫಿ ಹೌಸಿನವರು ಹಾಲಿನ ದರ ಏರಿದರೆ ಕಾಫಿಯ ದರ ತಾವೇ ಏರಿಸಬಹುದು. ಬೀಡಿಯವರು ಗಿರಾಕಿ ಇಲ್ಲದ ಮಾಲು ಬಿಟ್ಟು ಗಿರಾಕಿ ಇರುವ ಮಾಲಿಗೆ ಹೋಗಬಹುದು. ಬಸ್ಸಿನವರು ದರ ಏರಿಸುವಂತಿಲ್ಲ, ಪರ್ಮಿಟ್ಟಿನ ದಾರಿ ಬಿಡುವಂತಿಲ್ಲ. ದರವೂ ಕೈಯಲ್ಲಿಲ್ಲ, ದಾರಿಯೂ ಕೈಯಲ್ಲಿಲ್ಲ. ಒಗ್ಗಟ್ಟು, ದುಡಿಮೆ, ಪ್ರಾಮಾಣಿಕತೆ ಇವು ಸಂಘ ಕಟ್ಟಲು ಸಾಕು. ಆದರೆ ಸಂಘ ಬದುಕಬೇಕಾದರೆ ಕನಿಷ್ಠ ಒಂದಾದರೂ ಹಿಡಿಕೆ ತನ್ನ ಕೈಯಲ್ಲಿ ಇರಬೇಕು. ಕೊಪ್ಪದ ಕಥೆಯಿಂದ ನನಗೆ ತಿಳಿದ ದೊಡ್ಡ ಮಾತು ಇದು.

ನಮ್ಮ ಸಂಘಕ್ಕೆ ಇದರಿಂದ ಏನು?

ನಾವು ಬಸ್ಸು ಓಡಿಸುವುದಿಲ್ಲ. ಆದರೂ ನಾಲ್ಕು ಮಾತು ನಮಗೂ ಹತ್ತುತ್ತವೆ.

ಒಂದು, ಸವಕಳಿ. ಬಸ್ಸು ಓಡಿದಷ್ಟು ಸವೆಯುತ್ತದೆ. ಲೆಕ್ಕಕ್ಕೆಂದು ಇಪ್ಪತ್ತು ಲಕ್ಷದ ಬಸ್ಸು ಹತ್ತು ವರ್ಷ ಬಾಳುತ್ತದೆ ಅಂದರೆ, ವರ್ಷಕ್ಕೆ ಎರಡು ಲಕ್ಷ ತೆಗೆದಿಡಬೇಕು. ಎಪ್ಪತ್ತಾರು ಬಸ್ಸಿಗೆ ವರ್ಷಕ್ಕೆ ಒಂದೂವರೆ ಕೋಟಿಯ ಮೇಲೆ. ಆ ರೊಕ್ಕ ಲಾಭವೇ ಅಲ್ಲ, ನಾಳೆಯ ಬಸ್ಸು. ನಮ್ಮ ಗೋದಾಮಿನ ಪತ್ರಾಸು, ಕಂಪ್ಯೂಟರು, ತೂಕದ ಕಾಟಾ ಎಲ್ಲವೂ ಸವೆಯುತ್ತಿವೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಪ್ರಕಾರ ನಿವ್ವಳ ಲಾಭದಲ್ಲಿ ಶೇಕಡಾ 25ಕ್ಕೆ ಕಡಿಮೆ ಇಲ್ಲದಂತೆ ಆಪದ್ಧನ ನಿಧಿಗೆ ಹಾಕಲೇಬೇಕು. ಸವಕಳಿ ಅದಕ್ಕೂ ಮೊದಲು ತೆಗೆಯುವ ಲೆಕ್ಕ. ವಾರ್ಷಿಕ ಸಭೆಯಲ್ಲಿ ಡಿವಿಡೆಂಡ್ ಯಾಕ ಕಡಿಮಿ ಅಂತ ಕೂಗುವ ಬಾಂಧವರು, ಸವಕಳಿ ಎಷ್ಟು ತೆಗೆದೀರಿ ಅಂತಲೂ ಒಮ್ಮೆ ಕೂಗಬೇಕು. ನಿರ್ದೇಶಕನಾಗಿ ನಾನೇ ಇದನ್ನು ಹೇಳುತ್ತೇನೆ. ಆ ಪ್ರಶ್ನೆ ಬಂದರೆ ನಮಗೂ ಒಳ್ಳೆಯದು.

ಎರಡು, ಒಂದೇ ಕೆಲಸಕ್ಕೆ ಜೋತು ಬೀಳಬಾರದು. ಸಾಲ ಕೊಡುವುದು, ಗೊಬ್ಬರ ಮಾರುವುದು ಇಷ್ಟರಲ್ಲೇ ನಿಂತರೆ ನಮ್ಮ ದರವೂ ಬೇರೆಯವರ ಕೈಯಲ್ಲೇ ಇರುತ್ತದೆ. ಬಡ್ಡಿಯ ದರ ಸರ್ಕಾರ ಹೇಳಿದ್ದು, ಯೂರಿಯಾದ ದರ ಸರ್ಕಾರ ಹೇಳಿದ್ದು. ಗೋದಾಮಿನ ಬಾಡಿಗೆ, ಬೀಜ, ಮಣ್ಣು ಪರೀಕ್ಷೆ, ಔಷಧ ಹೊಡೆಯುವ ಯಂತ್ರ ಬಾಡಿಗೆಗೆ ಕೊಡುವುದು ಹೀಗೆ ದರ ನಾವೇ ಗೊತ್ತು ಮಾಡಬಹುದಾದ ಎರಡು ಕೆಲಸ ಇದ್ದರೆ ಕಷ್ಟಕಾಲಕ್ಕೆ ಆಧಾರ.

ಮೂರು, ಬಳಸುವವನೇ ಸದಸ್ಯ. ಕೊಪ್ಪದಲ್ಲಿ ಇಲ್ಲದ ಒಂದು ಬಲ ನಮ್ಮಲ್ಲಿ ಇದೆ. ನಮ್ಮ ಗಿರಾಕಿಯೇ ನಮ್ಮ ಷೇರುದಾರ. ಆದರೆ ಷೇರು ಇಲ್ಲಿ ಇಟ್ಟು, ಗೊಬ್ಬರ ಉದ್ರಿ ಸಿಗುತ್ತದೆಂದು ಬೇರೆ ಅಂಗಡಿಗೆ, ಠೇವಣಿ ಅರ್ಧ ಟಕ್ಕೆ ಬಡ್ಡಿ ಹೆಚ್ಚೆಂದು ಇನ್ನೊಂದು ಕಡೆಗೆ ಹೋದರೆ, ನಾವೂ ಮೋಟಾರ್ ಸೈಕಲ್ ಮೇಲೆ ಹೋಗುತ್ತ ಖಾಲಿ ಬಸ್ಸಿಗೆ ಕೈ ಬೀಸಿದಂತೆ. ಬಸ್ಸು ಇರಲಿ ಅನ್ನುವವರು ಆಗಾಗ ಬಸ್ಸು ಹತ್ತಬೇಕು.

ನಾಲ್ಕು, ಕಷ್ಟ ಬಂದಾಗ ಮೊದಲೇ ಹೇಳಬೇಕು. ಲೆಕ್ಕ ಕೆಂಪಾಗಿ ಐದು ವರ್ಷ ಆದ ಮೇಲೆ ಸರ್ಕಾರದ ಬಾಗಿಲು ಬಡಿದರೆ ಅದು ತೆರೆಯುವುದು ಕಷ್ಟ. ಮೊದಲ ವರ್ಷದ ನಷ್ಟಕ್ಕೇ ಸದಸ್ಯರ ವಿಶೇಷ ಸಭೆ ಕರೆಯುವ ರೂಢಿ ನಮ್ಮಲ್ಲಿ ಇರಲಿ.

ಬಾಂಧವರೆ, ಸಹಕಾರ ಸಾರಿಗೆ ಬಿದ್ದಿತು ನಿಜ. ಆದರೆ ಇಪ್ಪತ್ತೊಂಬತ್ತು ವರ್ಷ ಅದು ಓಡಿತು ಎಂಬುದೂ ನಿಜ. ಕೆಲಸ ಕಳೆದುಕೊಂಡ ಸಾಮಾನ್ಯ ಡ್ರೈವರ್-ಕಂಡಕ್ಟರರು, ನಮ್ಮಂತೆಯೇ ಹೆಚ್ಚು ಓದದ ಮಂದಿ, ಆರು ಬಸ್ಸನ್ನು ಎಪ್ಪತ್ತಾರು ಮಾಡಿ ತೋರಿಸಿದರು. ಬೆಂಗಳೂರಿನ ಹಳೆಯ ಬಸ್ ಕಂಪನಿ ಹದಿನಾರು ವರ್ಷ ಬಾಳಿತು, ಕೊಪ್ಪದ ಕೆಲಸಗಾರರ ಸಂಘ ಅದಕ್ಕಿಂತ ಹದಿಮೂರು ವರ್ಷ ಹೆಚ್ಚು ಬಾಳಿತು. ಆ ಬಸ್ಸಿನಲ್ಲಿ ಶಾಲೆಗೆ ಹೋದ ಹುಡುಗರು ಇಂದು ಎಲ್ಲೆಲ್ಲೋ ನೌಕರಿಯಲ್ಲಿದ್ದಾರೆ. ಆ ಲಾಭ ಯಾವ ಆಡಿಟ್ ವರದಿಯಲ್ಲೂ ಬರುವುದಿಲ್ಲ.

 ಬಂಗಾರದ ಹಬ್ಬದ ಸಂಚಿಕೆಯಲ್ಲಿ ನಮ್ಮ ಮಕ್ಕಳು ನಮ್ಮ ಸಂಘದ ಬಗ್ಗೆ ಬರೆಯುವಾಗ, ಅದು ನಡೆಯುತ್ತಿರುವ ಸಂಘದ ಕಥೆ ಆಗಿರಲಿ ಎಂದು ಶ್ರೀ ವೀರಭದ್ರೇಶ್ವರನಲ್ಲಿ ಬೇಡಿಕೊಳ್ಳುತ್ತೇನೆ.

ಜೈ ಸಹಕಾರ.